ಒಂದು ಗುಳಿ ಕಡಿಮೆ

ರಾತ್ರಿ ಹತ್ತು. ಕೆಳಗೆ ಓಣಿಯಲ್ಲಿ
ಮೀನಂಗಡಿಯವನು ಬಾಗಿಲೆಳೆದ ಸದ್ದು.
ಐದನೇ ಮಹಡಿಯ ಈ ಗೇಣಗಲದ ಅಡುಗೆಮನೆಯಲ್ಲಿ
ಬೋಗುಣಿ, ಹಿಟ್ಟು, ಉಪ್ಪು, ತಣ್ಣೀರು,
ಚಿಟಿಕೆ ಯೀಸ್ಟು. ಚಿಟಿಕೆಯೆಂದರೆ ಚಿಟಿಕೆಯೇ,
ಎರಡು ಬೆರಳ ನಡುವೆ ನಿಂತಷ್ಟು.
ಹೆಚ್ಚು ಹಾಕಿದರೆ ಬೇಗ ಉಬ್ಬೀತು,
ಬೇಗ ಉಬ್ಬಿದ್ದರಲ್ಲಿ ರುಚಿಯಿಲ್ಲ,
ಬಂದರಿನ ಹೊಸ ಮೇಸ್ತ್ರಿಯ ಹಾಗೆ,
ಎನ್ನುತ್ತಿದ್ದಳು ಅಮ್ಮ.

ನಾದುವುದಿಲ್ಲ ನಾನು, ಮಡಿಸುತ್ತೇನೆ.
ಒದ್ದೆ ಕೈಯಲ್ಲಿ ಅಂಚು ಹಿಡಿದೆಳೆದು
ಕಂಬಳಿ ಮಡಿಸಿದಂತೆ ನಾಲ್ಕು ಸಲ,
ಅರ್ಧ ಗಂಟೆ ಬಿಟ್ಟು ಮತ್ತೆ ನಾಲ್ಕು.
ಮೂರನೆಯ ಸುತ್ತಿಗೆ ಅಂಟುವುದು ಬಿಟ್ಟು
ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ.
ಎಣ್ಣೆ ಸವರಿ, ತಟ್ಟೆ ಮುಚ್ಚಿ
ಕಿಟಕಿಯ ಕಪ್ಪುಕಲ್ಲಿನ ಮೇಲಿಡುತ್ತೇನೆ.
ಫ್ರಿಜ್ಜಿದೆ. ಆದರೂ ಫೆಬ್ರವರಿಯಲ್ಲಿ
ಜೆನೋವಾಕ್ಕೆ ಬಡಗಣ ಗಾಳಿ ಬಿಟ್ಟಿ.

ಅಮ್ಮ ಎರ್ಮೀನಿಯಾಳ ಬಲಗೈಯಲ್ಲಿ
ನಡುಬೆರಳಿರಲಿಲ್ಲ.
ಎಲ್ಲಿ ಹೋಯಿತೆಂದರೆ ದಿನಕ್ಕೊಂದು ಕತೆ:
ಟ್ಯೂನಾ ಮೀನು ನುಂಗಿತು.
ಸಂತ ಅಗಾತಳಿಗೆ ಹರಕೆ ಒಪ್ಪಿಸಿದೆ.
ಬ್ಯಾಂಕಿನಲ್ಲಿ ಅಡವಿದೆ, ಬಡ್ಡಿ ಕಟ್ಟುತ್ತಿದ್ದೇನೆ.

ಸಾರ್ಡೀನ್ ಕಾರ್ಖಾನೆ, ಡಬ್ಬಿಗೆ ಮುಚ್ಚಳ ಒತ್ತುವ ಯಂತ್ರ,
ಅವಳಿಗಾಗ ಹದಿನೇಳು.
ಇದನ್ನು ಹೇಳಿದ್ದು ಶವಪೆಟ್ಟಿಗೆಯ ಪಕ್ಕ ನಿಂತ
ಅವಳ ಹಳೆಯ ಜೊತೆಗಾತಿ ತೆಕ್ಲಾ.
ಪರಿಹಾರ ಎಷ್ಟು ಕೊಟ್ಟರು? ಕೇಳಿದೆ.
ಒಂದು ಪೆಟ್ಟಿಗೆ ಸಾರ್ಡೀನು, ಎಂದಳು.
ನಮ್ಮ ಮನೆಯೊಳಗೆ ಆ ಮೀನು
ಎಂದೂ ಹೊಸಿಲು ದಾಟಿರಲಿಲ್ಲ.

ಎರಡು ಗಂಟೆಗೆ ಎಚ್ಚರ.
ಬರಿಗಾಲಲ್ಲಿ ಹೋಗಿ ತಟ್ಟೆ ಎತ್ತುತ್ತೇನೆ.
ಒಂದು ಗುಳ್ಳೆ ಮೆಲ್ಲಗೆ ಮೇಲೆದ್ದು
ನೋಡುವಷ್ಟರಲ್ಲಿ ಒಡೆಯುತ್ತದೆ.
ಹಳೆ ಬೀರಿನದೋ, ಹಸಿ ಗೋಧಿಯದೋ ವಾಸನೆ.
ಸೈರನ್ನಿಲ್ಲ, ಮೇಸ್ತ್ರಿಯ ಶಿಳ್ಳೆಯಿಲ್ಲ,
ಹಾಜರಿ ಚೀಟಿಗೆ ತೂತಿಲ್ಲ,
ಆದರೂ ನಡೆದಿದೆ ಪಾಳಿ.
ಮುಚ್ಚಿ ಬಂದು ಮಲಗುತ್ತೇನೆ,
ನನ್ನಿಂದ ಆಗಬೇಕಾದ್ದು ಏನೂ ಇಲ್ಲವೆಂಬುದು
ಹಾಯೆನಿಸುತ್ತದೆ; ತುಸು ಅವಮಾನವೂ.

ಐದಕ್ಕೆ ತಗಡಿನ ತುಂಬ ಎಣ್ಣೆ.
ಬೋಗುಣಿ ಬೋರಲು ಹಾಕಿದರೆ
ಜಾರಿ ಬೀಳುತ್ತದೆ, ನಿದ್ದೆಗಣ್ಣಿನ ಭಾರದಲ್ಲಿ.
ಎಳೆಯಬಾರದು. ಕಾಯಬೇಕು. ತಾನೇ ಹರಡುತ್ತದೆ,
ಮೂಲೆ ಮಾತ್ರ ನಾವು ತೋರಿಸಬೇಕು.

ಆಮೇಲೆ ಬೆರಳು.
ಉಗುರಲ್ಲ, ಬೆರಳಿನ ಮೆತ್ತೆ ಊರಬೇಕು, ತಳ ತಾಕುವಂತೆ.
ಅಮ್ಮನ ಸಾಲಿನಲ್ಲಿ ಒಂದು ಗುಳಿ ಕಡಿಮೆ.
ಅಲ್ಲಿ ಉಪ್ಪುನೀರು ನಿಲ್ಲದು, ಎಣ್ಣೆ ನಿಲ್ಲದು,
ಪುಟ್ಟ ಗುಡ್ಡವೊಂದು ಒಲೆಯಲ್ಲಿ ಕೆಂಪಗೆ ಗರಿಯಾಗುತ್ತಿತ್ತು.
ಆ ಗುಡ್ಡಕ್ಕಾಗಿ ನಾನೂ ಅಣ್ಣ ಒತ್ತಾವಿಯೋನೂ
ಜುಟ್ಟು ಹಿಡಿದು ಕಾದಾಡಿದ್ದೇವೆ.

ಇವತ್ತು ನಡುಬೆರಳು ಮಡಚಿ ಒತ್ತಿದೆ.
ಮಡಚಿದ ಬೆರಳು ಸುಮ್ಮನಿರುವುದಿಲ್ಲ,
ಅಂಗೈಯೊಳಗೆ ಬೆಚ್ಚಗೆ ಮಿಡಿಯುತ್ತದೆ,
ಪಕ್ಕದ್ದನ್ನೆಲ್ಲ ಸೊಟ್ಟಗೆಳೆಯುತ್ತದೆ.
ಇಲ್ಲದ್ದು ಬೇರೆ, ಅಡಗಿಸಿಟ್ಟದ್ದು ಬೇರೆ.
ಒಂದೇ ಸಾಲು ಹಾಗೆ.
ಉಳಿದದ್ದಕ್ಕೆ ಹತ್ತೂ ಬೆರಳು.

ಉಪ್ಪು, ನೀರು, ಎಣ್ಣೆ ಕಲಕಿ ಸುರಿದೆ,
ಗುಳಿಗುಳಿಯಲ್ಲೂ ಬೆಳ್ಳನೆಯ ಕೆರೆ.
ಇನ್ನೊಂದು ಗಂಟೆ ಬಿಟ್ಟು ಒಲೆಗೆ.

ಏಳೂವರೆಗೆ ಬಾಗಿಲು ತಟ್ಟಿದಳು
ಎದುರುಮನೆಯ ಯಾದೀರಾ,
ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ, ಬೂಟು ಕೈಯಲ್ಲಿ ಹಿಡಿದು.
ವಾಸನೆ ಮೂರನೇ ಮಹಡಿಗೇ ಸಿಕ್ಕಿತು, ಎಂದಳು.
ಹುಟ್ಟಿದ್ದು ಗ್ವಾಯಾಕಿಲ್‌ನಲ್ಲಾದರೂ
ಈ ಊರಿನವರಂತೆಯೇ ತುಂಡು ಬೋರಲು ಮಾಡಿ
ಉಪ್ಪಿನ ಮೈ ನಾಲಿಗೆಗೆ ತಾಕುವಂತೆ ಇಟ್ಟು,
ಹಾಲುಕಾಫಿಗೆ ಅದ್ದಿ,
ಕಣ್ಣುಮುಚ್ಚಿ ಅಗಿದಳು.
ಆಮೇಲೆ ಕಣ್ತೆರೆದು ಬೆರಳು ತೋರಿ,
ನೋಡು, ಇಲ್ಲೊಂದು ಒತ್ತೋದು ಮರೆತಿದ್ದೀಯ.

ಮರೆತದ್ದಲ್ಲ, ಎಂದೆ,
ಅದು ಬ್ಯಾಂಕಿನಲ್ಲಿ ಅಡವಿದೆ.

ನಿದ್ದೆಗೆಟ್ಟವಳು ನಾನೋ ಅವಳೋ ಎಂಬಂತೆ
ನನ್ನನ್ನೇ ನೋಡಿದಳು.
ಗುಡ್ಡವನ್ನು ಮುರಿದು ಅವಳ ತಟ್ಟೆಗೆ ಹಾಕಿದೆ.